ಸಾರಸ ನೋಡಿದ ಭಾನುವಾರ

ಇಳಿತದ ಹೊತ್ತಿಗೆ ನಮ್ಮೂರು ಕಾರವಾರದ ಕಡಲು ಹಿಂದೆ ಸರಿದಾಗ ಕೆಸರಿನಿಂದ ಒಂದು ವಾಸನೆ ಏಳುತ್ತಿತ್ತು. ಉಪ್ಪು, ಪಾಚಿ, ಸೀಗಡಿ ಎಲ್ಲ ಕಲೆತದ್ದು. ಉಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ಗ್ರೇಟರ್ ನೋಯ್ಡಾದ ಪಕ್ಷಿಧಾಮದ ಗೇಟಿನಲ್ಲೇ ನನ್ನನ್ನು ಎದುರುಗೊಂಡಿತು. ಮೊಮ್ಮಗಳಿಗಿಂತ ಮೊದಲು ನಾನೇ ಕಾರಿನಿಂದ ಇಳಿದುಬಿಟ್ಟೆ!

ಮಗ ಪ್ರಜ್ವಲ್ ಸೈನ್ಯದಲ್ಲಿದ್ದಾನೆ. ವರ್ಷದ ಮೇಲೆ ರಜೆಗೆ ಬಂದವನು ನಾಳೆ ಹೊರಡಬೇಕು. ಏಳು ವರ್ಷದ ಮಗಳು ಮಯೂರಿ ಅವನಿಗೆ ಅತಿಥಿಗೆ ಅನ್ನುವಂತೆ "ನಮಸ್ತೆ" ಅಂದಿದ್ದಳು, ಅಷ್ಟೇ. ಅವನು ಏನು ಕೇಳಿದರೂ ನನ್ನ ಸೆರಗಿನ ಹಿಂದೆ. ಸೊಸೆಗೆ ಆಸ್ಪತ್ರೆಯ ಡ್ಯೂಟಿ. ನಾವು ಮೂವರೇ ಬಂದಿದ್ದೆವು.

"ಇವತ್ತಾದ್ರೂ ಹತ್ರ ಬರ್ತಾಳೇನಮ್ಮ?" ಎಂದ ಪ್ರಜ್ವಲ್, ಸಣ್ಣ ದನಿಯಲ್ಲಿ.

ಗೇಟಿನ ಕಾವಲುಗಾರ ನನ್ನ ನಡಿಗೆ ನೋಡಿ ತನ್ನ ಕೋಲನ್ನೇ ಕೈಗಿತ್ತ. "ರಖ್ ಲೀಜಿಯೇ, ಮಾತಾಜಿ."

ಕೆರೆ ಏರಿಯ ಮೇಲೆ ಪ್ರಜ್ವಲ್ ಮುಂದೆ, ನಾವು ಹಿಂದೆ. ಜೊಂಡಿನ ತಿರುವಿನಲ್ಲಿ ಅವನು ಥಟ್ಟನೆ ನಿಂತು ಮುಷ್ಟಿ ಎತ್ತಿದ. ಗಡಿಯ ಅಭ್ಯಾಸ, ನಮಗೇನು ಗೊತ್ತು? ಮಯೂರಿ ಅವನ ಬೆನ್ನಿಗೆ ಡಿಕ್ಕಿ ಹೊಡೆದಳು, ನಾನು ಅವಳಿಗೆ.

"ಅಜ್ಜೀ, ಪಪ್ಪಾ ಯಾರಿಗೆ ಹೊಡೀತಾರೆ?"

"ಯಾರಿಗೂ ಇಲ್ಲ ಕಣೇ! ನಿಲ್ಲು ಅಂತ," ಪ್ರಜ್ವಲ್ ನಗು ತಡೆದುಕೊಂಡ. ಅಂಗೈ ಕೆಳಗೆ ಮಾಡಿ, "ಇದು ಕೂತ್ಕೋ." ಎರಡು ಬೆರಳು ಕಣ್ಣಿಗೆ ತೋರಿಸಿ, "ಇದು ನೋಡು."

"ಅಚ್ಛಾ! ಸೀಕ್ರೆಟ್ ಲ್ಯಾಂಗ್ವೇಜ್!"

ಮುಂದಿನ ದಾರಿಗೆ ಅವಳೇ ನಾಯಕಿ. ಅವಳು ಮುಷ್ಟಿ ಎತ್ತಿದರೆ ಮೇಜರ್ ಸಾಹೇಬರೂ ನಿಲ್ಲಬೇಕು, ನಾನೂ ನಿಲ್ಲಬೇಕು. ಬಿಸಿಲು ಕಾಯುತ್ತಿದ್ದ ಆಮೆಗೂ ನಿಂತೆವು, ಹಾರಿಹೋದ ಪ್ಲಾಸ್ಟಿಕ್ ಚೀಲಕ್ಕೂ ನಿಂತೆವು. ಕೊನೆಗೊಮ್ಮೆ ಅವಳ ಅಂಗೈ ಮೆಲ್ಲನೆ ಕೆಳಗಿಳಿಯಿತು. ಕೂತೆವು.

ತೆಳುನೀರಿನಲ್ಲಿ ಎರಡು ಸಾರಸ! ಅವಳಿಗಿಂತ ಎತ್ತರ, ಕೆಂಪು ತಲೆ. ಕೊಕ್ಕನ್ನು ಆಕಾಶಕ್ಕೆತ್ತಿ ಒಟ್ಟಿಗೆ ಕೂಗಿದವು. ರೆಕ್ಕೆ ಬಿಚ್ಚಿ ಎಗರಿ ಎಗರಿ ಕುಣಿದವು. ನನ್ನ ಮೊಣಕಾಲಿನ ನೋವೇ ಮರೆತುಹೋಯಿತು. ಮಯೂರಿ ಉಸಿರು ಬಿಗಿಹಿಡಿದು ಅಪ್ಪನ ತೋಳನ್ನು ಎರಡೂ ಕೈಯಿಂದ ಹಿಚುಕುತ್ತಿದ್ದಳು. ಪ್ರಜ್ವಲ್ ಆ ಕೈಗಳನ್ನೇ ನೋಡುತ್ತಿದ್ದ.

ಕೋಲು ಹಿಂತಿರುಗಿಸಿ ಹೊರಬಂದಾಗ ಎಲ್ಲರಿಗೂ ಹಸಿವು. ಛೋಲೆ ಭಟೂರೆ ಗಾಡಿಯ ಮುಂದೆ ಜನವೋ ಜನ. ಭಯ್ಯಾ ದೊಡ್ಡವರನ್ನೆಲ್ಲ ಕಾಯಿಸಿ, ಮೊದಲ ತಟ್ಟೆಯನ್ನು ಮಗುವಿಗೇ ಕೊಟ್ಟ. ಉಬ್ಬಿದ ಬಿಸಿ ಭಟೂರೆಯನ್ನು ಅವಳು ಒಮ್ಮೆ ಮೂಸಿದಳು. ತಿನ್ನಿಸಲು ನನ್ನ ಬಳಿಗೇ ತರುತ್ತಾಳೆಂದು ಕೈ ಚಾಚಿದೆ.

ಮಯೂರಿ ನನ್ನನ್ನು ದಾಟಿ ಹೋಗಿ ತಟ್ಟೆಯನ್ನು ಅಪ್ಪನ ಕೈಗಿಟ್ಟಳು.