ಬೊಳ್ಳ ನೀರು ಮೂಸಿದ ಸುದ್ದಿ

ಸುಳ್ಳು ಬರೆದದ್ದಕ್ಕೆ ವಸುಮತಿಗೆ ಅಷ್ಟೇನೂ ಬೇಜಾರಿರಲಿಲ್ಲ; ಯಾರಾದರೂ ಅದನ್ನು ಗಟ್ಟಿಯಾಗಿ ಓದುವಾಗ ತನ್ನ ಕಿವಿ ಕೆಂಪಾಗುತ್ತದಲ್ಲ, ಅದೇ ಚಿಂತೆ. ‘ಇವತ್ತೂ ಕೆಂಪಾಯಿತು. ಯಾರೂ ನೋಡಿರಲಿಕ್ಕಿಲ್ಲ’ ಎಂದು ದಿನಚರಿಯಲ್ಲಿ ಬರೆದು, ಆ ಸಾಲನ್ನೂ ಹೊಡೆದುಹಾಕಿದ್ದಳು.

ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಆಲೆಟ್ಟಿಯ ಮನೆಗೆ ಬಂದವಳಿಗೆ ನಾಲ್ಕು ಜನರ ಎದುರು ಬಾಯಿ ಬರುತ್ತಿರಲಿಲ್ಲ. ಕೈ ಮಾತ್ರ ಸುಮ್ಮನಿರದು. ಸೋದರಮಾವ ಗೌರೀಶಂಕರ ಪುತ್ತೂರಿನಲ್ಲಿ ಒಂದು ವಾರಪತ್ರಿಕೆ ಅಚ್ಚು ಹಾಕುತ್ತಿದ್ದ. ಪುಟದಲ್ಲಿ ನಾಲ್ಕು ಬೆರಳು ಜಾಗ ಉಳಿದರೆ, ನಿಮ್ಮ ಕಡೆಯ ಸುದ್ದಿ ಎಂತದಾದರೂ ಕಳಿಸು ಎಂದು ಬಸ್ಸಿನವರ ಕೈಲಿ ಹೇಳಿ ಕಳಿಸುವನು. ಆಲೆಟ್ಟಿಯಲ್ಲಿ ಸುದ್ದಿ ಎಲ್ಲಿಂದ ಬರಬೇಕು? ಅವಳೇ ಹುಟ್ಟಿಸಿದಳು. ಶನಿವಾರ ಮಧ್ಯಾಹ್ನ ಕಳೆದರೆ ದಿಮ್ಮಿ ಮುಟ್ಟದ ಸಂಪಾಜೆಯ ಆನೆ. ಗಾಡಿಕಾರ ನಿದ್ದೆಹೋದರೂ ಗಿರಾಕಿಗಳ ಮನೆಯೆದುರು ತಾನಾಗಿ ನಿಲ್ಲುವ ಕಡಬದ ಎಣ್ಣೆಗಾಡಿಯ ಎತ್ತು. ಊರಿನ ಹೆಸರು, ವಾರದ ಹೆಸರು ಸೇರಿಸಿದರೆ ಸಾಕು, ಜನ ನಂಬುತ್ತಿದ್ದರು. ಮಾವನೂ ನಂಬಿದ್ದ. ಸುದ್ದಿಯ ಕೆಳಗೆ ಅವಳ ಹೆಸರು ಇರುತ್ತಿರಲಿಲ್ಲ.

ಆಮೇಲೆ ಬರೆದದ್ದು ನೆರೆಯ ಶೀನಪ್ಪನ ಬಿಳಿ ಎತ್ತು ಬೊಳ್ಳನ ಮೇಲೆ. ಪಯಸ್ವಿನಿ ಹೊಳೆ ದಾಟುವ ಕಡವಿಗೆ ಬಂದಾಗ ಬೊಳ್ಳ ನೀರು ಮೂಸಿ ನೋಡುತ್ತದೆ, ಅಪಾಯವಿದ್ದರೆ ಹೊಡೆದರೂ ಹೆಜ್ಜೆ ಇಡುವುದಿಲ್ಲ, ಇಳಿಯಿತೆಂದರೆ ಕಣ್ಣುಮುಚ್ಚಿ ದಾಟಬಹುದು, ಹೀಗೆ. ಚಾದ ಹೋಟೆಲಿನಲ್ಲಿ ಯಾರೋ ಓದಿ ಹೇಳಿದಾಗ ಶೀನಪ್ಪ ಮೊದಲು ನಕ್ಕ. ಸ್ವಲ್ಪ ಹೊತ್ತು ಯೋಚಿಸಿದ. ಕೊನೆಗೆ, “ಹೌದು ಮಾರಾಯ, ಮೂಸುದು ನಾನೂ ನೋಡಿದ್ದೇನೆ. ಯಾಕೆ ಅಂತ ನನಗೇ ಅಂದಾಜಾಗಿರಲಿಲ್ಲ” ಎಂದ. ದಾರಿಯಲ್ಲಿ ಹೋಗುವವರು ಬೊಳ್ಳನಿಗೆ ಬಾಳೆಹಣ್ಣು ಕೊಡತೊಡಗಿದರು. ಶೀನಪ್ಪನ ಸೊಸೆ ಸೀತು, ತುಂಬಿದ ಬಸುರಿ, ಬೇಲಿಯ ಹತ್ತಿರ ಬಂದು, “ಇನ್ನೊಮ್ಮೆ ಓದಿ ಅಕ್ಕ” ಅಂದಳು. ವಸುಮತಿ ಓದಿದಳು. ಕಿವಿ ಕೆಂಪಾದದ್ದು ಆಗಲೇ.

ಮಳೆ ಇನ್ನೂ ಪೂರ್ತಿ ಬಿಡದ ಸೋಣ ತಿಂಗಳಲ್ಲಿ ಸೀತುವಿಗೆ ನೋವು ಹಿಡಿಯಿತು. ಒಂದು ಇರುಳು ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, ಸುಳ್ಯಕ್ಕೆ ಕರಕೊಂಡು ಹೋಗಿ ಎಂದಳು. ಸೀತುವಿನ ಗಂಡ ಕೊಡಗಿನ ಕಾಫಿತೋಟದಲ್ಲಿ ಕೆಲಸಕ್ಕಿದ್ದ. ಶೀನಪ್ಪ ಗಾಡಿ ಕಟ್ಟಿ ವಸುಮತಿಯ ಅಂಗಳದಲ್ಲಿ ನಿಂತ.

“ಡಾಕ್ಟ್ರ ಹತ್ರ ಮಾತಾಡ್ಲಿಕ್ಕೆ ಕಲಿತವರೊಬ್ಬರು ಬೇಕು. ನೀವು ಬನ್ನಿ ಅಕ್ಕ.”

ಮಾತಾಡುವುದಕ್ಕೆ, ತಾನು. ಆದರೂ ಗಾಡಿ ಹತ್ತಿದಳು.

ಕಡವಿಗೆ ಆಗ ಸೇತುವೆ ಬಂದಿರಲಿಲ್ಲ. ಬಿಸಿಲು ಚೆನ್ನಾಗಿಯೇ ಇತ್ತು, ಆದರೆ ನೀರು ಕೆಂಪು. ಮೇಲೆ ಘಟ್ಟದಲ್ಲಿ ಮಳೆ ಹೊಡೆದಿತ್ತು. ಹೊಳೆಯ ನಡುವಿನ ಅಜ್ಜಿಕಲ್ಲು ಮುಳುಗಿದರೆ ದೋಣಿಯೂ ಇಲ್ಲ, ಗಾಡಿಯೂ ಇಲ್ಲ; ಅದು ಹಿಂದಿನಿಂದ ಬಂದ ಕಟ್ಟಳೆ. ಕಲ್ಲು ಕಾಣುತ್ತಿರಲಿಲ್ಲ. ಅಂಬಿಗ ಕುಂಞಿ ಮೋನು ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

“ಅಜ್ಜಿ ಮುಳುಗಿದ್ದಾಳೆ ಶೀನಪ್ಪಣ್ಣ. ಘಟ್ಟದ ನೀರು, ಬಂದ ಹಾಗೆ ಹೋಗ್ತದೆ. ಮಧ್ಯಾಹ್ನದವರೆಗೆ ನಿಲ್ಲಿ.”

“ಅಷ್ಟು ಹೊತ್ತು ಇವಳು ನಿಲ್ಲಬೇಕಲ್ಲ.”

“ನನಗೆ ಗೊತ್ತಾಗ್ತದೆ. ನೀರಿಗೆ ಗೊತ್ತಾಗ್ಬೇಕಲ್ಲ.”

“ಬೊಳ್ಳನಿಗೆ ಗೊತ್ತಾಗ್ತದೆ. ಅವನೇ ಹೇಳ್ಲಿ.”

ಕುಂಞಿ ಮೋನು ತಲೆ ಕೆರೆದುಕೊಂಡ. “ಪೇಪರಿನಲ್ಲಿ ಬಂದದ್ದು ನಾನೂ ಕೇಳಿದ್ದೇನೆ. ಅದಕ್ಕೆ ಎದುರು ಹೇಳ್ಲಿಕ್ಕೆ ನಾನು ಯಾರು ಮಾರಾಯ್ರೆ?”

ಶೀನಪ್ಪ ಹಗ್ಗ ಸಡಿಲ ಬಿಟ್ಟ. ಬೊಳ್ಳ ಕತ್ತು ಚಾಚಿ ನೀರಿಗೆ ಮೂತಿ ಇಟ್ಟಿತು. ಗಡಿಬಿಡಿಯಲ್ಲಿ ಬೆಳಗ್ಗಿನಿಂದ ಯಾರೂ ಅದಕ್ಕೆ ಕುಡಿಯಲು ಕೊಟ್ಟಿರಲಿಲ್ಲ. ಕುಡಿಯುತ್ತಾ ಕುಡಿಯುತ್ತಾ ಒಂದು ಹೆಜ್ಜೆ ಮುಂದಿಟ್ಟಿತು, ಜೊತೆಯ ಎತ್ತನ್ನೂ ಎಳೆಯಿತು.

“ಕಂಡಿರಾ, ಇಳಿದ” ಎಂದ ಶೀನಪ್ಪ. ಅವನ ಕಣ್ಣಲ್ಲಿ ನೀರಿತ್ತು.

ವಸುಮತಿಯ ತುಟಿ ‘ಬೇಡ’ ಎಂದಿತು, ಸ್ವರ ಹೊರಡಲಿಲ್ಲ. ಗಾಡಿಯೊಳಗೆ ಚಾಪೆಯ ಮೇಲೆ ಮಲಗಿದ್ದ ಸೀತು ಅವಳ ಮಣಿಕಟ್ಟು ಹಿಡಿದುಕೊಂಡಳು. ನೋವು ಬಂದು ಹೋಗುವವರೆಗೆ ಬಿಗಿಹಿಡಿದು, ಆಮೇಲೆ ಅವಳೇ ಸಮಾಧಾನ ಹೇಳಿದಳು.

“ಹೆದರಬೇಡಿ ಅಕ್ಕ. ಬೊಳ್ಳ ಇದ್ದಾನಲ್ಲ. ನೀವೇ ಓದಿ ಹೇಳಿದ್ದಲ್ವಾ?”

ನಿಜ ಹೇಳಿದರೆ ಇವಳಿಗೆ ಉಳಿದಿರುವ ಒಂದೇ ಧೈರ್ಯವನ್ನು ಕಿತ್ತುಕೊಂಡ ಹಾಗೆ. ಕಾದು ಕೂತು ಮಧ್ಯಾಹ್ನದೊಳಗೆ ಏನಾದರೂ ಆದರೆ ಆ ಪಾಪವೂ ತನಗೇ. ಹೇಳದಿದ್ದರೆ? ಚಕ್ರ ನೀರಿಗೆ ತಾಗಿದ ಸದ್ದು ಕೇಳಿತು. ಒಂದು ಕೊಂಬೆ ಎಲೆಗಳ ಸಮೇತ ಮುಂದಿನಿಂದ ಹಾದುಹೋಯಿತು, ಓಡುವವರ ಹಾಗೆ.

ಅವಳು ಕೈ ಬಿಡಿಸಿಕೊಂಡು ಹಿಂದಿನಿಂದ ಹಾರಿದಳು. ಸೀರೆ ಮೊಣಕಾಲಿನವರೆಗೆ ಒದ್ದೆಯಾಯಿತು. ಎತ್ತುಗಳ ಮುಂದೆ ಬಂದು, ಎಂದೂ ಎತ್ತನ್ನು ಮುಟ್ಟದವಳು, ಬೊಳ್ಳನ ಮೂಗುದಾರ ಹಿಡಿದಳು.

“ಎಂತ ಅಕ್ಕ ಇದು? ಬಿಡಿ. ಹೊತ್ತಾಗ್ತದೆ.”

ಅಂಬಿಗ ಎದ್ದು ನಿಂತ. ಸೀತು ತಲೆಯೆತ್ತಿ ನೋಡುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಕಿವಿ ಉರಿಯುತ್ತಿದೆ, ಉರಿಯಲಿ.

“ಬೊಳ್ಳನಿಗೆ ಬಾಯಾರಿಕೆ ಶೀನಪ್ಪಣ್ಣ, ಅಷ್ಟೇ” ಎಂದಳು ವಸುಮತಿ, ಹೊಳೆಯ ಸದ್ದಿಗೂ ಮೇಲಾಗಿ. “ಅದಕ್ಕೆ ಹೊಳೆಯ ವಿಷಯ ಏನೂ ಗೊತ್ತಿಲ್ಲ. ಪೇಪರಿನ ಸುದ್ದಿ ಸುಳ್ಳು. ಬರೆದದ್ದು ನಾನು.”