ಭಟ್ಟಿಯ ಬೆವರು, ತೋಳಿನ ಬಿಲ್ಲೆ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಉಳಿದವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ಅದನ್ನು ತಿನ್ನಬೇಡ ಎನ್ನುತ್ತಾರೆ, ಇನ್ನೊಬ್ಬರು ಇದನ್ನು ಕುಡಿ ಎನ್ನುತ್ತಾರೆ. ಕಾಯಿಲೆ ಬಂದವರು ಮಾತ್ರ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ಓಡಾಡಿಕೊಂಡಿರುತ್ತಾರೆ. ನಮ್ಮ ಬನ್ನಣ್ಣನೂ ಹಾಗೇ ಇದ್ದ.

ಬನ್ನಣ್ಣ ಎಂದರೆ ಮೂಲೆ ಬೇಕರಿಯ ಯಜಮಾನ. ಬನ್ನು ಸುಟ್ಟು ಸುಟ್ಟು ಆ ಹೆಸರು ಬಂತು. ಹೆಂಡತಿಯನ್ನೂ ಬೀದಿಯವರು ಬಿಡಲಿಲ್ಲ, ಬನ್ನಕ್ಕ ಮಾಡಿಬಿಟ್ಟರು. ಹೊಸದರಲ್ಲಿ ಆ ಹೆಸರು ಕೇಳಿದರೆ ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುವುದಿಲ್ಲ.

ಮುಂದಿನ ಕೋಣೆ ಅಂಗಡಿ, ಅದು ಬನ್ನಕ್ಕನ ರಾಜ್ಯ. ಹಿಂದಿನ ಕೋಣೆಯಲ್ಲಿ ಇಟ್ಟಿಗೆಯ ಭಟ್ಟಿ, ಅದು ಅವನ ರಾಜ್ಯ. ನಡುವೆ ಒಂದು ಕಿಟಕಿ. ಆ ಕಿಟಕಿಯಿಂದ ಬಿಸಿ ಟ್ರೇಗಳು ಈಚೆ ಬರುತ್ತವೆ, ಬೈಗುಳ ಆಚೆ ಹೋಗುತ್ತದೆ. ಹಿಟ್ಟು ಉಬ್ಬಿದೆಯೋ ಇಲ್ಲವೋ ಬನ್ನಣ್ಣ ಬೆರಳಲ್ಲಿ ಒತ್ತಿ ಹೇಳುತ್ತಾನೆ. ಭಟ್ಟಿ ಕಾದಿದೆಯೋ ಇಲ್ಲವೋ ಬಾಗಿಲ ಬಳಿ ಕೈ ಹಿಡಿದು ಹೇಳುತ್ತಾನೆ. ತನ್ನ ಮೈಯೂ ಹಾಗೇ ತನಗೆ ಗೊತ್ತು ಎಂಬುದು ಅವನ ಹಟ.

ಆ ಮನೆಯಲ್ಲಿ ಅವನ ಅಪ್ಪನ ಕಾಲದಿಂದ ಒಂದು ಪದ್ಧತಿ. ಬೆಳಗಿನ ಮೊದಲ ಭಟ್ಟಿಯ ಬನ್ನೆಲ್ಲ ಮಾರಿಹೋಗುವವರೆಗೆ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲು ಗಿರಾಕಿ, ಆಮೇಲೆ ನಾವು. ಬನ್ನಣ್ಣ ಅದನ್ನು ಒಂದು ದಿನವೂ ಮುರಿಯಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಅದಕ್ಕೆ ಇನ್ನೊಂದು ಸೇರಿತು. ಎದ್ದ ಕೂಡಲೇ ಒಂದು ಮಾತ್ರೆ, ಒಂದು ಲೋಟ ನೀರು. ಅದನ್ನು ಕೈಗೆ ಕೊಡುವುದು ಬನ್ನಕ್ಕನ ಕೆಲಸ. ಅವಳೂ ಒಂದು ದಿನ ತಪ್ಪಿಸಿದವಳಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಧಡಾರೆಂದು ಸದ್ದಾಯಿತು. ಬನ್ನಕ್ಕ ಓಡಿದಳು. ಬಿಸಿ ಟ್ರೇ ನೆಲದಲ್ಲಿ, ಬನ್ನುಗಳು ಚೆಲ್ಲಾಪಿಲ್ಲಿ, ಗಂಡ ಗೋಡೆಗೊರಗಿ ಕುಸಿದು ಕೂತಿದ್ದಾನೆ. ಮೈಯೆಲ್ಲ ಬೆವರು. ಮುಂಗೈಯಲ್ಲಿ ಸುಟ್ಟ ಗಾಯ.

“ಸೆಖೆ ಕಣೇ, ಭಟ್ಟಿ ಮುಂದೆ ಬೆವರದೆ ಇನ್ನೆಲ್ಲಿ ಬೆವರಲಿ?” ಎಂದು ಅವನು ಎದ್ದು ನಿಂತ.

ಮಗಳು ಇದನ್ನು ಕೇಳಿ ಬಂದಳು. ಅವಳು ಶಾಲೆಯ ವ್ಯಾನು ಓಡಿಸುತ್ತಾಳೆ, ಎರಡು ಬೀದಿ ಆಚೆ ಸಂಸಾರ. ಮಾತು ಕಡಿಮೆ, ಆಡಿದರೆ ಬ್ರೇಕ್ ಹಾಕಿದ ಹಾಗೆ.

“ಅಪ್ಪಾ, ಭಟ್ಟಿ ಆರಿಸಿಬಿಡು. ಫ್ಯಾಕ್ಟರಿ ಬ್ರೆಡ್ಡು ತರಿಸಿ ಮಾರಿದ್ರೆ ಸಾಕು. ಇವತ್ತು ಗೋಡೆ ಕಡೆ ಬಿದ್ದೆ. ನಾಳೆ ಭಟ್ಟಿ ಕಡೆ ಬಿದ್ರೆ?”

ಅಪ್ಪ ಹೋಗಿ ಭಟ್ಟಿಗೆ ಇನ್ನೆರಡು ಸೌದೆ ತುರುಕಿದ. ಅವತ್ತು ಮಧ್ಯಾಹ್ನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬನ್ನಕ್ಕನಿಗೆ ಯಾರ ಪರ ನಿಲ್ಲಬೇಕೋ ತಿಳಿಯಲಿಲ್ಲ. ಮಗಳು ಹೇಳುವುದು ಸರಿ. ಆದರೆ ಭಟ್ಟಿ ಆರಿದ ಮೇಲೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ?

ಈ ಸಂಕಟವನ್ನು ಅವಳು ಹೇಳಿಕೊಂಡದ್ದು ದಿನಾ ಗೋಧಿ ಬ್ರೆಡ್ಡಿಗೆ ಬರುವ ಕ್ಲಿನಿಕ್ಕಿನ ನರ್ಸಿನ ಹತ್ತಿರ. ಬೀದಿಗೆಲ್ಲ ಅವರು ಸಿಸ್ಟರ್. ಅವರು ಕಿಟಕಿಯಲ್ಲಿ ತಲೆ ತೂರಿಸಿ ಕೂಗಿದರು.

“ಬನ್ನಣ್ಣಾ, ತೋಳಿಗೆ ಒಂದು ಸೆನ್ಸರ್ ಹಾಕಿಸ್ಕೊಳ್ಳಿ. ಒಂದು ಚಿಕ್ಕ ಬಿಲ್ಲೆ ಅಷ್ಟೆ. ಅದರ ಕೆಳಗೆ ಕೂದಲೆಳೆಯಂಥ ಮೆತ್ತನೆ ತಂತಿ ಇರುತ್ತೆ, ಚರ್ಮದೊಳಗೆ ಸ್ವಲ್ಪವೇ ಇಳಿದಿರುತ್ತೆ. ಚರ್ಮದ ಕೆಳಗಿನ ನೀರಿನಂಶದಲ್ಲಿ ಸಕ್ಕರೆ ಎಷ್ಟಿದೆ ಅಂತ ಹಗಲೂ ರಾತ್ರಿ ನೋಡಿ ಫೋನಿಗೆ ತಿಳಿಸುತ್ತೆ. ಏರ್ತಾ ಇದೆಯೋ ಇಳೀತಾ ಇದೆಯೋ ಬಾಣದ ಗುರುತಲ್ಲಿ ತೋರಿಸುತ್ತೆ.”

“ಮೂರು ತಿಂಗಳಿಗೊಮ್ಮೆ ರಕ್ತ ಕೊಡ್ತಾ ಇದ್ದೀನಲ್ಲ ಸಿಸ್ಟರ್, ಇದೊಂದು ಯಾಕೆ?”

“ನೀವು ರಕ್ತ ಕೊಡೋಕೆ ಬರೋದು ಭಾನುವಾರ, ಆರಾಮಾಗಿ. ಸುಸ್ತಾಗೋದು ಭಟ್ಟಿ ಮುಂದೆ, ಕೆಲಸದ ದಿನ. ಆ ಹೊತ್ತಲ್ಲಿ ಏನಾಗ್ತಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?”

“ನನ್ನ ಮೈ ನನಗೆ ಗೊತ್ತು.”

“ಹೌದಾ? ಹಾಗಾದ್ರೆ ಕೇಕು ಬೆಂದಿದೆಯೋ ಇಲ್ವೋ ಅಂತ ಕಡ್ಡಿ ಚುಚ್ಚಿ ನೋಡ್ತೀರಲ್ಲ, ಅದ್ಯಾಕೆ? ಮೇಲಿನ ಬಣ್ಣ ನೋಡಿದ್ರೆ ಸಾಲದಾ?”

ಬನ್ನಣ್ಣ ಹಿಟ್ಟಿನ ಕೈ ಒರೆಸಿಕೊಂಡು ಭಟ್ಟಿಯ ಕಡೆ ತಿರುಗಿದ. ಸಿಸ್ಟರ್ ಹೋದ ಮೇಲೆ ಹೆಂಡತಿ ಒಳಗೆ ಬಂದಳು.

“ಏನ್ರೀ ನಿಮ್ಮ ಕಷ್ಟ? ಚುಚ್ಚುತ್ತೆ ಅಂತ ಭಯಾನಾ? ದಿನಾ ಬೆಂಕಿ ಜೊತೆ ಸರಸ ಆಡೋರು ನೀವು.”

ಅವನು ಹಿಟ್ಟು ನಾದುತ್ತಲೇ ಮೆಲ್ಲಗೆ ಹೇಳಿದ. “ಅದು ಏನಾದ್ರೂ ಕೆಟ್ಟದ್ದು ತೋರಿಸ್ತು ಅನ್ಕೋ. ಮಗಳು ಬಂದು ಭಟ್ಟಿಗೆ ನೀರು ಹೊಯ್ತಾಳೆ. ನನ್ನ ತೋಳಲ್ಲೇ ಕೂತು ನನ್ನ ಮೇಲೇ ಚಾಡಿ ಹೇಳೋ ವಸ್ತು ನನಗೆ ಬೇಡ.”

ಬನ್ನಕ್ಕನಿಗೆ ನಗುವೂ ಬಂತು, ಅಳುವೂ ಬಂತು. “ನನ್ನ ಮಾತು ಕೇಳಿ,” ಎಂದಳು. “ನೀವು ಇಲ್ಲಿ ನಿಂತಿರೋದನ್ನ ನೋಡಿಯೇ ನಾನು ನಿಮ್ಮನ್ನ ಒಪ್ಪಿದ್ದು. ಇಲ್ಲಿ ಬಿದ್ದಿರೋದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ. ನನಗೋಸ್ಕರ ಹಾಕಿಸ್ಕೊಳ್ಳಿ.”

ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಹೀಗೆ ಕೇಳಿಕೊಂಡರೆ ಯಾವ ಗಂಡ ತಡೆದಾನು? ಮಾರನೆಯ ದಿನ ಕ್ಲಿನಿಕ್ಕಿಗೆ ಹೋಗಿ ಬಲ ಮೇಲ್ತೋಳಿನ ಹಿಂಬದಿಗೆ ಬಿಲ್ಲೆ ಹಾಕಿಸಿಕೊಂಡು ಬಂದ. ಚುಚ್ಚಿದ್ದೇ ತಿಳಿಯಲಿಲ್ಲವಂತೆ. ಆದರೂ ದೊಡ್ಡ ಆಪರೇಷನ್ ಮಾಡಿಸಿಕೊಂಡವನಂತೆ ತೋಳು ಎತ್ತಿ ಹಿಡಿದು ನಡೆದ. ಫೋನು ಬನ್ನಕ್ಕನ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತು. ಭಟ್ಟಿಯ ಬಾಯಿಗೆ ಬಿಲ್ಲೆ ಇರುವ ಕೈ ಚಾಚಬೇಡಿ ಎಂದು ಸಿಸ್ಟರ್ ಹೇಳಿ ಕಳಿಸಿದ್ದರು. ಅದರಂತೆ ಅವನು ಎಡಗೈ ಅಭ್ಯಾಸ ಮಾಡಿಕೊಂಡ.

ಮೊದಲ ಮಧ್ಯಾಹ್ನವೇ ಫೋನು ಬಡಬಡ ಬಡಿದುಕೊಂಡಿತು. ಸಕ್ಕರೆ ಇಳಿದಿದೆ! ಬನ್ನಕ್ಕ ಒಳಗೆ ನುಗ್ಗಿದರೆ ಗಂಡ ಮೈದಾ ಚೀಲಗಳ ಮೇಲೆ ಮಗ್ಗುಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಅವಳು ಅವನನ್ನು ಅಲ್ಲಾಡಿಸಿ ಎಬ್ಬಿಸಿ ಸಕ್ಕರೆ ನೀರು ಕುಡಿಸಿದಳು. ಅವನು ಪಿಳಿಪಿಳಿ ಕಣ್ಣು ಬಿಟ್ಟ.

“ನನಗೇನೂ ಆಗಿಲ್ಲ ಕಣೇ! ಕನಸಲ್ಲಿ ಊಟ ಮಾಡ್ತಿದ್ದೆ, ಅದನ್ನೂ ಕೆಡಿಸಿದೆ.”

ಸಂಜೆ ಸಿಸ್ಟರ್ ಕೇಳಿ ನಕ್ಕರು. “ಅಕ್ಕಾ, ಬಿಲ್ಲೆ ಇರೋ ತೋಳಿನ ಮೇಲೇ ಭಾರ ಹಾಕಿ ಮಲಗಿದ್ರೆ ಅದು ಕಡಿಮೆ ತೋರಿಸಬಹುದು. ಆ ಮಗ್ಗುಲು ಬೇಡ. ಇನ್ನೊಂದು, ಚರ್ಮದ ಕೆಳಗಿನ ಲೆಕ್ಕ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತೆ. ಅನುಮಾನ ಬಂದ್ರೆ ಬೆರಳು ಚುಚ್ಚಿ, ಮನೇಲಿರೋ ಸಕ್ಕರೆ ಅಳೆಯೋ ಮಿಷನ್ನಲ್ಲಿ ನೋಡಿ.”

“ನೋಡಿದ್ರಾ, ಸುಳ್ಳು ಹೇಳೋ ಬಿಲ್ಲೆ!” ಎಂದು ಬನ್ನಣ್ಣ ಎರಡು ದಿನ ಬಂದ ಗಿರಾಕಿಗಳಿಗೆಲ್ಲ ತೋಳು ತೋರಿಸಿ ಹೇಳಿದ.

ಆಮೇಲೆ ಬಂತು ಶನಿವಾರ. ಶನಿವಾರ ಸಿಹಿ ಬನ್ನಿನ ದಿನ. ಬೆಳಿಗ್ಗೆ ಅಂಗಡಿಯ ಮುಂದೆ ಸಾಲು. ಬನ್ನಕ್ಕ ಪೊಟ್ಟಣ ಕಟ್ಟುತ್ತಿದ್ದಾಗ ಫೋನು ಮತ್ತೆ ಬಡಿದುಕೊಂಡಿತು. ಬಾಣ ಕೆಳಮುಖವಾಗಿತ್ತು.

ಅವಳು ಕಿಟಕಿಯಲ್ಲಿ ಬಗ್ಗಿ ನೋಡಿದಳು. ಗಂಡ ಮಲಗಿರಲಿಲ್ಲ. ನಿಂತುಕೊಂಡು ಬಿಸಿ ಬನ್ನುಗಳ ನೆತ್ತಿಗೆ ಸಕ್ಕರೆ ಪಾಕ ಸವರುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

“ರೀ, ಫೋನು ಇಳೀತಿದೆ ಅಂತಿದೆ.”

“ಸೆಖೆ ಅಂದೆನಲ್ಲ! ಹೋಗು, ಅಂಗಡಿ ನೋಡು!”

ಅವನು ಅವಳ ಮೇಲೆ ಹಾಗೆ ಕೂಗಾಡುವವನಲ್ಲ. ಅವಳು ಸಾಲಿನಲ್ಲಿದ್ದವರನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅವನ ರಟ್ಟೆ ಹಿಡಿದು ಭಟ್ಟಿಯಿಂದ ದೂರ ಎಳೆದು ಕೂರಿಸಿದಳು. ಮಿಷನ್ ತಂದು ಬೆರಳು ಚುಚ್ಚಿದಳು. ಮಿಷನ್ನಿನಲ್ಲಿ ಬಂದ ಅಂಕಿ ಬಹಳ ಹೆಚ್ಚಿತ್ತು.

“ಕಂಡ್ಯಾ!” ಎಂದ ಬನ್ನಣ್ಣ ತೊದಲುತ್ತ. “ಇಳಿದಿಲ್ಲ, ಏರಿದೆ. ಬಿಲ್ಲೆ ಸುಳ್ಳು, ನಾನು ನಿಜ. ಬಿಡು, ಬನ್ನು ಸುಟ್ಟುಹೋಗುತ್ತೆ.”

ಅವನು ಏಳಲು ಹೋದ. ಅವಳು ಬಿಡಲಿಲ್ಲ. ಬಿಲ್ಲೆ ಒಂದು ಹೇಳುತ್ತಿದೆ, ಮಿಷನ್ ಇನ್ನೊಂದು ಹೇಳುತ್ತಿದೆ. ಯಾವುದನ್ನು ನಂಬುವುದು? ಅವಳು ಹಿಡಿದಿದ್ದ ಅವನ ಕೈ ಗಡಗಡ ನಡುಗುತ್ತಿತ್ತು. ಅಷ್ಟೇ ಅಲ್ಲ, ಅವಳ ಕೈಗೆ ಅಂಟಂಟಾಗಿ ಹತ್ತುತ್ತಿತ್ತು. ನೋಡಿದರೆ ಅವನ ಐದು ಬೆರಳೂ ಪಾಕದಲ್ಲಿ ಮಿರಿಮಿರಿ ಮಿಂಚುತ್ತಿವೆ. ಮಿಷನ್ ನೋಡಿದ್ದು ರಕ್ತದ ಸಕ್ಕರೆಯನ್ನಲ್ಲ, ಸಿಹಿ ಬನ್ನಿನ ಸಕ್ಕರೆಯನ್ನು!

ಅವಳು ಅವನ ಬೆರಳನ್ನು ಸೋಪು ನೀರಲ್ಲಿ ತೊಳೆದು, ಒರೆಸಿ, ಮತ್ತೆ ಚುಚ್ಚಿದಳು. ಈಗ ಅಂಕಿ ಬಿಲ್ಲೆಯ ಅಂಕಿಗಿಂತಲೂ ಕೆಳಗಿತ್ತು. ತಕ್ಷಣ ಒಂದು ಲೋಟ ನೀರಿಗೆ ಸಕ್ಕರೆ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಬೆವರು ಆರಿತು. ಭಟ್ಟಿ ಮಾತ್ರ ಅಷ್ಟೇ ಬಿಸಿಯಾಗಿತ್ತು.

ಬನ್ನಣ್ಣ ಅದನ್ನು ಗಮನಿಸಿದ. ಸೆಖೆ ಹಾಗೇ ಇದೆ, ಬೆವರು ಹೋಗಿದೆ. “ಹಾಗಾದ್ರೆ ಅವತ್ತೂ ಸೆಖೆ ಅಲ್ವೇನೇ?” ಎಂದು ಮಗುವಿನ ಹಾಗೆ ಕೇಳಿದ. ಆಮೇಲೆ ಮುಖ ಬಾಡಿತು. “ಇನ್ನು ಭಟ್ಟಿ ಆರಿಸ್ಬೇಕು ಅಲ್ವಾ?”

ಆ ಟ್ರೇ ಬನ್ನು ಕರಕಲಾಗಿ ಹೋಗಿತ್ತು. ಸಾಲಿನಲ್ಲಿದ್ದ ಸಿಸ್ಟರ್ ಅಷ್ಟರಲ್ಲಿ ಒಳಗೆ ಬಂದಿದ್ದರು. ಫೋನು ಕೈಗೆ ತೆಗೆದುಕೊಂಡು ಹಿಂದಿನ ದಿನಗಳ ಸಕ್ಕರೆಯ ಏರಿಳಿತದ ಗೆರೆ ನೋಡಿದರು. ದಿನಾ ಬೆಳಿಗ್ಗೆ ಇದೇ ಹೊತ್ತಿಗೆ ಗೆರೆ ಕೆಳಗಿಳಿದಿತ್ತು. ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು, ಫೋನು ಬಡಿದುಕೊಳ್ಳುವಷ್ಟು ಇಳಿದದ್ದು ಮಾತ್ರ ಇವತ್ತೇ.

“ತಿಂಡಿ ಎಷ್ಟೊತ್ತಿಗೆ ತಿಂತೀರಿ?”

“ಮೊದಲನೇ ಭಟ್ಟಿ ಮಾರಿಹೋದ ಮೇಲೆ,” ಎಂದ ಅವನು.

“ಮಾತ್ರೆ?”

“ಎದ್ದ ತಕ್ಷಣ ಸಿಸ್ಟರ್. ನಾನೇ ಕೊಡ್ತೀನಿ, ಒಂದು ದಿನಾನೂ...” ಬನ್ನಕ್ಕನ ಮಾತು ಅಲ್ಲಿಗೇ ನಿಂತಿತು. ಖಾಲಿ ಹೊಟ್ಟೆಗೆ ಮಾತ್ರೆ, ಮೇಲೆ ಅಷ್ಟೊಂದು ಮೈಮುರಿಯುವ ಕೆಲಸ. ಪ್ರೀತಿಯಿಂದ ಕೊಟ್ಟದ್ದೇ ಹೀಗೆ ಮಾಡಿತಲ್ಲ ಎಂದು ಅವಳಿಗೆ ದುಃಖ ಒತ್ತರಿಸಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಬೇಡ ಕಣೇ,” ಎಂದ ಬನ್ನಣ್ಣ. “ನೀನು ಮಾತ್ರೆ ಕೊಟ್ಟೆ, ಉಪವಾಸ ಕೂತೋನು ನಾನು. ಅರ್ಧರ್ಧ ಹಂಚ್ಕೊಳ್ಳೋಣ.”

ಸಿಸ್ಟರ್ ಅವರಿಬ್ಬರನ್ನೂ ಅಂದೇ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಗೆರೆ ನೋಡಿ ಮಾತ್ರೆ ಬದಲಿಸಿದರು. ಮೊದಲು ತಿಂಡಿ, ಆಮೇಲೆ ಮಾತ್ರೆ, ಅದಾದ ಮೇಲೆ ಭಟ್ಟಿ ಎಂದರು. ಭಟ್ಟಿ ಆರಿಸಬೇಕೆಂದು ಅವರು ಹೇಳಲಿಲ್ಲ. ಬನ್ನಣ್ಣ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಮರುದಿನ ಬೆಳಿಗ್ಗೆ ಬೇಯಿಸಿದ ಮೊಟ್ಟೆ, ಗೋಧಿ ಬ್ರೆಡ್ಡು ತಟ್ಟೆಯಲ್ಲಿ ಬಂತು. ಅವನು ತಟ್ಟೆಯನ್ನೇ ನೋಡುತ್ತ ಕೂತ.

“ಗಿರಾಕಿಗಿಂತ ಮೊದಲು ತಿಂದ್ರೆ ಅಪ್ಪ ಏನಂದುಕೊಳ್ತಾರೋ.”

“ಮಾವ ಆ ಪದ್ಧತಿ ಮಾಡಿದ್ದು ಗಿರಾಕಿ ಹಸಿದು ಹೋಗಬಾರದು ಅಂತ. ಮಗ ಹಸಿದು ಬೀಳಲಿ ಅಂತ ಅಲ್ಲ. ತಿನ್ನಿ.”

ತಿಂದ. ಮೊದಲ ತುತ್ತು ಕಷ್ಟದಿಂದ ಇಳಿಯಿತು, ಎರಡನೆಯದು ಸುಲಭವಾಗಿ ಇಳಿಯಿತು, ಮೂರನೆಯದಕ್ಕೆ ಉಪ್ಪು ಕಡಿಮೆ ಎಂದು ತಕರಾರು ತೆಗೆದ. ಬನ್ನಕ್ಕನಿಗೆ ಆ ತಕರಾರು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ವಾರ ಮಗಳು ವ್ಯಾನು ನಿಲ್ಲಿಸಿ ಬಂದಳು. ಅಪ್ಪನನ್ನು ಇವತ್ತು ಹೇಗಾದರೂ ಒಪ್ಪಿಸಿಯೇ ತೀರುವುದು ಎಂಬ ಮುಖ. ಅಮ್ಮ ಮಾತಾಡದೆ ಫೋನು ಕೊಟ್ಟಳು. ಮಗಳು ಹಳೆಯ ಗೆರೆ ನೋಡಿದಳು, ಹೊಸ ಗೆರೆ ನೋಡಿದಳು. ಹೊಸದರಲ್ಲಿ ಬೆಳಗಿನ ಆ ಕುಸಿತವೇ ಇರಲಿಲ್ಲ. ಒಳಗೆ ಅಪ್ಪ ಉದ್ದ ಹಿಡಿಯ ಹಲಗೆಯಲ್ಲಿ ಬನ್ನು ಎಳೆಯುತ್ತಿದ್ದ. ಬೆವರುತ್ತಿದ್ದ, ಆದರೆ ಕೈ ನಡುಗುತ್ತಿರಲಿಲ್ಲ. ಬಾಯಲ್ಲಿ ಯಾವುದೋ ಹಾಡು.

“ಅಪ್ಪಾ, ಇದು ನನ್ನ ಫೋನಿಗೂ ಬರೋ ಹಾಗೆ ಮಾಡಿಸು. ವ್ಯಾನು ನಿಲ್ಲಿಸಿದಾಗೆಲ್ಲ ನೋಡ್ತೀನಿ.”

ಹಾಡು ನಿಂತಿತು. “ನೋಡು, ಬೇಡ ಅನ್ನಲ್ಲ. ಆದ್ರೆ ಭಟ್ಟಿ...”

“ಭಟ್ಟಿ ನಿಂದೇ ಅಪ್ಪಾ,” ಎಂದಳು ಮಗಳು. “ನಿನ್ನ ಕೈಲಾಗೋವರೆಗೂ ಉರೀಲಿ.”

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹಟಮಾರಿ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಕೆಲಸದ ನಡುವೆ ಬೆವರಿದರೆ, ನಡುಗಿದರೆ, ಕಾರಣವಿಲ್ಲದೆ ರೇಗಿದರೆ ಸೆಖೆ, ಸುಸ್ತು ಎಂದು ತಳ್ಳಿಹಾಕಬೇಡಿ. ತೋಳಿನ ಸೆನ್ಸರ್ ನಿಮಗೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಅದು ಕಾಯಿಲೆ ವಾಸಿ ಮಾಡುವುದಿಲ್ಲ, ಮೈಯೊಳಗಿನ ಸುದ್ದಿ ತಿಳಿಸುತ್ತದೆ. ಬೆರಳು ಚುಚ್ಚುವ ಮೊದಲು ಕೈ ತೊಳೆದು ಒರೆಸಿ. ಸಕ್ಕರೆ ಇಳಿದ ಹಾಗೆ ಕಂಡು, ಪರೀಕ್ಷೆಗೆ ಮಿಷನ್ ಹತ್ತಿರ ಇಲ್ಲದಿದ್ದರೆ ಕಾಯಬೇಡಿ, ಸಿಹಿ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಬೇಡಿ.

ನಾಳೆ ಬೆಳಿಗ್ಗೆ ನಿಮ್ಮವರು ಕೆಲಸಕ್ಕೆ ಹೊರಡುವ ಮೊದಲು ಬಾಗಿಲಲ್ಲಿ ತಡೆದು ಒಂದು ಮಾತು ಕೇಳಿ: ಮಾತ್ರೆ ನುಂಗಿದ್ದು ಸರಿ, ಹೊಟ್ಟೆಗೆ ಏನಾದರೂ ತಿಂದಿರಾ? ಇಲ್ಲ ಎಂದರೆ ಒಳಗೆ ಕರೆದು ಕೂರಿಸಿ, ಬಡಿಸಿ.