ಮೊದಲ ಸೊಪ್ಪಿನ ಕೈ

ನಮ್ಮ ಮನೆಯಲ್ಲಿ ರೇಷ್ಮೆಹುಳುವಿಗೆ ಮೊದಲ ಸೊಪ್ಪು ಹಾಕಿದ ಕೈಯೇ ಗೂಡು ಕಟ್ಟುವವರೆಗೂ ಹಾಕಬೇಕು. ಕೈ ಬದಲಾದರೆ ಹುಳು ಮುನಿಯುತ್ತವೆ ಎಂದು ಅತ್ತೆ ದೊಡ್ಡಬಸಮ್ಮನವರ ನಂಬಿಕೆ. ಮದುವೆಯಾಗಿ ಹನೂರಿಗೆ ಬಂದ ಒಂಬತ್ತು ವರ್ಷದಿಂದಲೂ ಆ ಕೈ ನನ್ನದೇ. ಹಗಲು ಮೂರು ಸಲ ಸೊಪ್ಪು, ರಾತ್ರಿ ಎರಡು ಸಲ. ನಡುವೆ ಅಡುಗೆ, ಕಸ, ಮಗಳ ಜಡೆ. ಗೂಡು ಸಂತೆಗೆ ಹೋದ ಮೇಲೆ ಹದಿನೈದು ದಿನ ಉಸಿರು, ಮತ್ತೆ ಹೊಸ ಮೊಟ್ಟೆ.

ಆ ಶುಕ್ರವಾರ ಹುಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ನಿದ್ದೆ. ಎದ್ದ ಮೇಲೆ ಹಸಿವೋ ಹಸಿವು. ಸತ್ತೇಗಾಲದ ತವರಿನಲ್ಲಿ ನನಗೆ ಹಾರ್ಮೋನಿಯಂ ಕಲಿಸಿದ ಗುರುಪಾದಸ್ವಾಮಿ ಮೇಷ್ಟರು ತಮ್ಮ ಆ ಪೆಟ್ಟಿಗೆ ಹೊರಿಸಿಕೊಂಡು ಯಳಂದೂರಿನಿಂದ ಬಂದರು.

"ಯಳಂದೂರ್ ಇಸ್ಕೂಲ್ ಹೆಣ್ಮಕ್ಕಳಿಗೆ ಸಂಗೀತ ಪಾಠ ಹೇಳಕ್ಕೆ ನನ್ ಕೈಲಿ ಇನ್ನಾಗಲ್ಲ ಕಣವ್ವ, ಬೆರಳು ನಡುಗ್ತವೆ. ನನ್ ಜಾಗಕ್ಕೆ ನಿನ್ನೆಸ್ರು ಹೇಳಿವ್ನಿ. ಸೋಮವಾರ ಬಂದು ಒಂದ್ಸಲ ನುಡಿಸಿ ತೋರ್ಸು. ಆಮೇಲೆ ವಾರಕ್ಕೆರಡು ದಿನ ಬಂದ್ರೆ ಸಾಕು."

ಅತ್ತೆ ಕಂಬಕ್ಕೊರಗಿದವರು ಅಲುಗಲಿಲ್ಲ. "ಸೋಮವಾರ ಹುಳಕ್ಕೆ ಸೊಪ್ಪು ಯಾರ್ ಆಕ್ತರೆ? ನೀವಾಕ್ತೀರಾ ಸಾ?"

"ಆಕ್ತಿದ್ದೆ ತಾಯಿ. ನನ್ ನಶ್ಯದ ಗಾಳಿ ತಾಕಿದ್ರೆ ನಿಮ್ ಹುಳ ಒಂದೂ ಉಳಿಯಾಕಿಲ್ವಲ್ಲ!"

ಎಲ್ಲರೂ ನಕ್ಕೆವು. ಹೊಗೆಸೊಪ್ಪು ಹುಳುವಿಗೆ ವಿಷವೆಂದು ತಿಳಿದೇ ಅವರು ಜಗುಲಿ ದಾಟಿರಲಿಲ್ಲ. ಪೆಟ್ಟಿಗೆಯನ್ನು ನನ್ನತ್ತ ತಳ್ಳಿ, "ಕಲ್ತ ಕೈ ಇನ್ನೂ ಅದೆಯೋ ಓಯ್ತೋ, ನೋಡು" ಅಂದರು.

ಸೊಪ್ಪಿನ ಹಾಲಿಗೆ ಕಪ್ಪಾದ ಬೆರಳು ಮೊದಲು ಮರದ ತುಂಡಿನಂತಿದ್ದವು. ಆಮೇಲೆ ಯಾವುದೋ ಒಂದು ಸ್ವರದ ಮೇಲೆ ನಿಂತೆ, ಅಲ್ಲಿಂದ ದಾರಿ ತಾನಾಗಿ ತೆರೆಯಿತು. ಎಷ್ಟು ಹೊತ್ತಾಯಿತೋ, ಅತ್ತೆ ಕೂಗಿದರು: "ಸೊಪ್ಪಿನೊತ್ತು ಮೀರ್ತು ಕಣವ್ವ!"

ಓಡಿದೆ. ಹುಳುವಿನ ನಲವತ್ತು ತಟ್ಟೆಯಲ್ಲಿ ಎರಡಕ್ಕೆ ಸೊಪ್ಪು ಹರಡಿದ ಮೇಲೆ ಸೆರಗಿಗೆ ಬೆವರು ಒರೆಸಿಕೊಂಡೆ. ಬೆರಳು ಮೂಗಿಗೆ ತಾಕಿ ಸೀನು ಬಂತು. ಮೂವತ್ತು ವರ್ಷ ಮೇಷ್ಟರ ನಶ್ಯದ ಬೆರಳು ಆಡಿದ ಹಾರ್ಮೋನಿಯಂ ಮನೆಗಳನ್ನು ಒತ್ತಿ, ಕೈ ತೊಳೆಯದೆ ಬಂದಿದ್ದೆ. ಆ ಎರಡರ ಸೊಪ್ಪನ್ನು ಹುಳು ಆಗಲೇ ಕಡಿಯುತ್ತಿದ್ದವು; ಕೈ ತೊಳೆದು ಬಂದು ಮಿಕ್ಕವಕ್ಕೆ ಹಾಕಿದೆ.

ಸಂಜೆಗೆ ಆ ಎರಡು ತಟ್ಟೆಯ ಹುಳು ತಲೆಯೆತ್ತಿ ಹಸಿರು ಕಕ್ಕಿ ಸತ್ತವು.

"ಪೆಟ್ಟಿಗೆ ಸದ್ದಿಗೆ ಬೆದ್ರವೆ. ಇನ್ನೊಂದ್ ದಪ ಅದು ಈ ಜಗಲಿ ಅತ್ತಬಾರ್ದು" ಅಂದರು ಅತ್ತೆ.

ಸುಮ್ಮನಿದ್ದರೆ ಬೈಗುಳದಿಂದ ನಾನು ಉಳಿಯುತ್ತಿದ್ದೆ, ಸಂಗೀತ ಹೋಗುತ್ತಿತ್ತು.

"ಸದ್ದಲ್ಲ ಅತ್ತೆಮ್ಮ. ನಾನೇ ಕೈ ತೊಳಿನಿಲ್ಲ. ಪೆಟ್ಟಿಗೆ ತುಂಬ ನಶ್ಯ."

ಬೈಯುತ್ತಾರೆಂದುಕೊಂಡೆ. ಅವರು ಅಲ್ಲೇ ಕೂತರು. "ಒಂಬತ್ತೊರ್ಸದಲ್ಲಿ ಒಂದಿನ ತಪ್ದೋಳಲ್ಲ ನೀನು. ಓಗ್ಲಿ ಬುಡು. ಉಳಿದವ್ನ ನೋಡ್ಕೊ ಮಗಳೆ, ಎಲ್ಲೂ ಓಗ್ಬ್ಯಾಡ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ಮೆದು ದನಿ ನನ್ನನ್ನು ಕಟ್ಟಿಹಾಕಿತು. ಉಳಿದ ಮೂವತ್ತೆಂಟು ತಟ್ಟೆಯ ಹುಳು ಜೀವಂತವಾಗಿ ನನ್ನ ಕೈಯನ್ನೇ ಕಾಯುತ್ತಿದ್ದವು.

ಸೋಮವಾರ ನನ್ನ ಗಂಡ ವೃಷಭೇಂದ್ರಪ್ಪನವರೇ ಯಳಂದೂರಿಗೆ ಹೋಗಿ, ನಾನು ಬರುವುದಿಲ್ಲವೆಂದು ಹೇಳಿ, ದೀಪ ಹಚ್ಚುವ ಹೊತ್ತಿಗೆ ಮರಳಿದರು.

"ಇನ್ನೊಬ್ಳು ಬಂದಿದ್ಲು. ಅವಳ್ನೇ ತಕಂಡ್ರು."

"ಚೆನ್ನಾಗಿ ಬಾರಿಸುದ್ಲಾ?"

"ನಂಗೇನ್ ತಿಳಿದದು?" ರುಮಾಲು ಬಿಚ್ಚಿ ಕೊಡವಿದರು. "ಶುಕ್ರವಾರ ನೀ ಬಾರಿಸ್ವಾಗ ತೋಟದಲ್ಲಿ ಸೊಪ್ಪು ಕುಯ್ತಿದ್ದೆ. ಕುಯ್ಯದ್ ಬುಟ್ಟು ಕುಡ್ಲು ಇಡ್ಕಂಡು ಅಂಗೇ ನಿಂತ್ಕಂಡಿದ್ದೆ. ಇವಳು ಬಾರಿಸ್ವಾಗ ನಂಗೆ ತೂಕಡಿಕೆ ಬಂತು ಕಣೆ."

"ಶುಕ್ರವಾರ್ವೇ ಯಾಕೇಳ್ನಿಲ್ಲ?"

"ಏಳಿದ್ರೆ ನೀನು ಓಯ್ತೀನಿ ಅಂದ್ಬುಡ್ತಿದ್ದೆ."

ನಗು ಬಂತು, ಅದರ ಹಿಂದೆಯೇ ಅಳು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುವಿನ ಕೋಣೆಗೆ ಹೋಗಿ ಕದ ಹಾಕಿಕೊಂಡೆ. ಸೊಪ್ಪು ಹಾಕುವ ಹೊತ್ತಿನಲ್ಲಿ ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ.